ಯೋಧನ ಕಾಯಿಲೆಗೆ ಪುರಾವೆ ಕೊಡಬೇಕಾದವರು ಯಾರು? ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ, ಹಾಗೂ ನಮ್ಮ ರಾಜ್ಯದಿಂದ ಆರಿಸಿಹೋದ ಎಲ್ಲ ಸಂಸದರಿಗೆ,

ನಮಸ್ಕಾರಗಳು.

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು ಹವಾಲ್ದಾರ್ ಹುದ್ದೆಯಿಂದ ನಿವೃತ್ತನಾದವನು. ಊರು ಬೆಳಗಾವಿ ಜಿಲ್ಲೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಬೆಳಗಾವಿಯಲ್ಲೇ ಇರುವುದರಿಂದಲೋ ಏನೋ, ನಮ್ಮ ಕಡೆ ಫೌಜಿಗೆ ಹೋಗಿ ಬಂದವರಿಲ್ಲದ ಓಣಿ ಸಿಗುವುದು ಕಷ್ಟ. ಎಂ.ಐ. ರೂಮಿನಲ್ಲಿ (ಯೂನಿಟ್‌ನ ಸಣ್ಣ ದವಾಖಾನೆ), ಮಿಲಿಟರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವನು ಅಂತ ಗೊತ್ತಿರುವುದರಿಂದ ಅವರು ಪಿಂಚಣಿಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ನನ್ನ ಮನೆ ಪಡಸಾಲೆಗೆ ಬರುತ್ತಾರೆ. ಬಂದವರೆಲ್ಲರ ಪ್ರಶ್ನೆ ಒಂದೇ: "ಅಣ್ಣಾ, ಈ ಕಾಯಿಲೆ ಫೌಜಿಯಿಂದಲೇ ಬಂತು ಅಂತ ಹೆಂಗ ಸಾಬೀತು ಮಾಡೂದು?"

ಈ ಪ್ರಶ್ನೆ ಅವರು ಕೇಳುವಂಥದ್ದೇ ಅಲ್ಲ. ಅವರು ಯಾಕೆ ಕೇಳಬೇಕಾಗಿ ಬಂದಿದೆ ಎಂದು ತಮ್ಮ ಗಮನಕ್ಕೆ ತರುವುದಕ್ಕೇ ಈ ಪತ್ರ.

ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಸೈನಿಕ ಸೇವೆ ಮುಗಿಸಿ ಹೊರಡುವ ಮುಂಚೆ ಕಾಯಿಲೆಯಿದ್ದವನನ್ನು ಮೆಡಿಕಲ್ ಬೋರ್ಡ್ ಮುಂದೆ ಕೂರಿಸುತ್ತಾರೆ. ಎಎಫ್‌ಎಂಎಸ್‌ಎಫ್-16 ಎಂಬ ನಮೂನೆ ಭರ್ತಿಯಾಗುತ್ತದೆ. ಕಾಯಿಲೆ ಸೇವೆಯಿಂದ ಬಂದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ ಎಂಬ ಎರಡು ಕಾಲಂ ಅದರಲ್ಲಿರುತ್ತವೆ. ಎರಡರಲ್ಲಿ ಒಂದಕ್ಕಾದರೂ 'ಹೌದು' ಬಿದ್ದು, ಅಂಗವೈಕಲ್ಯ ಶೇ 20 ಮುಟ್ಟಿದರೆ ಡಿಸೆಬಿಲಿಟಿ ಪಿಂಚಣಿ. ಎರಡಕ್ಕೂ 'ಇಲ್ಲ' ಬಿದ್ದರೆ ಏನೂ ಇಲ್ಲ. ಶೇ 20ರಿಂದ 49ರವರೆಗಿನದನ್ನು 50 ಎಂದೇ ಲೆಕ್ಕ ಹಿಡಿಯುವ ಪದ್ಧತಿ 1996ರಿಂದ ಇದೆ. ಪೂರ್ತಿ ಸೇವೆ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30. ಅಂದರೆ 40,000 ರೂಪಾಯಿ ವೇತನದಲ್ಲಿ ನಿವೃತ್ತನಾದವನಿಗೆ ಶೇ 50ರ ಲೆಕ್ಕದಲ್ಲಿ ತಿಂಗಳಿಗೆ 6,000, ಮೇಲೆ ತುಟ್ಟಿಭತ್ಯೆ. ದಿಲ್ಲಿಯಲ್ಲಿ ಇದು ಸಣ್ಣ ಮೊತ್ತ ಇರಬಹುದು. ಒಣಬೇಸಾಯದ ಎರಡು ಎಕರೆಯವನ ಮನೆಯಲ್ಲಿ ಅಷ್ಟರಲ್ಲಿ ಮಕ್ಕಳ ಕಾಲೇಜು ನಡೆಯುತ್ತದೆ.

ನನ್ನ ಪಡಸಾಲೆಗೆ ಬರುವ ನಮೂನೆಗಳಲ್ಲಿ ಆ ಎರಡು ಕಾಲಂಗಳ ಪಕ್ಕ 'ಕಾರಣ' ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಬರೆದದ್ದು ಮಾತ್ರ ಮನುಷ್ಯ ಬದಲಾದರೂ ಬದಲಾಗುವುದಿಲ್ಲ. ಪೀಸ್ ಸ್ಟೇಷನ್‌ನಲ್ಲಿ (ಕಾದಾಟವಿಲ್ಲದ ಶಾಂತ ಠಾಣೆಯಲ್ಲಿ) ಕಾಣಿಸಿಕೊಂಡ ಕಾಯಿಲೆ, ಫೀಲ್ಡ್ (ಗಡಿ, ಕಾರ್ಯಾಚರಣೆಯ ಪ್ರದೇಶ), ಹೈ ಆಲ್ಟಿಟ್ಯೂಡ್ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯ ಒತ್ತಡಕ್ಕೂ ಇದಕ್ಕೂ ಹತ್ತಿರದ ಸಂಬಂಧವಿಲ್ಲ, ಆದ್ದರಿಂದ ಎನ್‌ಎಎನ್‌ಎ. ಅಂದರೆ ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ. ರಕ್ತದೊತ್ತಡದವನಿಗೂ ಇದೇ ಸಾಲು, ಸಕ್ಕರೆ ಕಾಯಿಲೆಯವನಿಗೂ ಇದೇ ಸಾಲು.

ಮಾನ್ಯರೇ, ಸೋಜಿಗವೆಂದರೆ ಕಾನೂನು ನಮ್ಮ ಪರವಾಗಿಯೇ ಇದೆ. ಈ ಪಿಂಚಣಿ ಯಾರಿಗೆ ಸಲ್ಲಬೇಕು ಎಂದು ಹೇಳುವ 1982ರ ಅರ್ಹತಾ ನಿಯಮಗಳನ್ನು ತೆಗೆದು ನೋಡಿ. ಭರ್ತಿಯಾಗುವಾಗ ದಾಖಲೆಯಲ್ಲಿ ಯಾವ ದೋಷವನ್ನೂ ಬರೆದಿಲ್ಲವಾದರೆ ಆ ಹುಡುಗ ದೇಹ, ಮನಸ್ಸು ಎರಡರಲ್ಲೂ ಗಟ್ಟಿಯಾಗಿದ್ದ ಎಂದೇ ತಿಳಿಯಬೇಕು. ಮುಂದೆ ಆರೋಗ್ಯ ಕೆಟ್ಟು ಸೇವೆಯಿಂದ ಹೊರಬಿದ್ದರೆ, ಕೆಟ್ಟದ್ದು ಸೇವೆಯಿಂದ ಎಂದೇ ತಿಳಿಯಬೇಕು. ಅರ್ಜಿದಾರನಿಂದ ಪುರಾವೆ ಕೇಳಬಾರದು. ಸಂಶಯವಿದ್ದರೆ ಅದರ ಲಾಭ ಅವನಿಗೇ ಹೋಗಬೇಕು. 1985ರಲ್ಲಿ ಸಿಗ್ನಲ್ಸ್ ಕೋರ್‌ಗೆ ಸೇರಿ, 1994ರಲ್ಲಿ ಮೂರ್ಛೆರೋಗದ ಕಾರಣಕ್ಕೆ ಮನೆಗೆ ಕಳಿಸಲ್ಪಟ್ಟ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿತು. ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎನ್ನುವುದಾದರೆ ಯಾಕಿಲ್ಲ ಎಂದು ಬೋರ್ಡ್ ಕಾರಣ ಬರೆಯಬೇಕು. ಬರೆಯದಿದ್ದರೆ ಆ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಒಬ್ಬ ಸೈನಿಕ ಇಷ್ಟು ಮಾತು ಕೇಳಿಸಿಕೊಳ್ಳಲು 19 ವರ್ಷ ಕಾಯಬೇಕಾಯಿತು.

ಆಮೇಲಾದರೂ ಕಾರಣ ಬರೆಯತೊಡಗಿದರೇ? ಸ್ಕಿಜೋಫ್ರೇನಿಯಾ ಎಂದು 1998ರಲ್ಲಿ ಹೊರಬಿದ್ದ ರಾಜುಮೋನ್ ಎಂಬ ಸೈನಿಕನ ಪ್ರಕರಣದಲ್ಲಿ ಅದೇ ಕೋರ್ಟ್ 2025ರ ಮೇ ತಿಂಗಳಲ್ಲಿ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು.

ಪೀಸ್ ಸ್ಟೇಷನ್ನಿನ ವಿಚಾರಕ್ಕೆ ಬರುತ್ತೇನೆ. ಇದನ್ನು ನಾನು ಒಳಗಿನಿಂದ ನೋಡಿದವನು. ಹಿಮದ ಮೇಲಿನ ಪೋಸ್ಟ್‌ನಲ್ಲಿ ಕಾಲುಬೆರಳು ಕಪ್ಪಾದರೆ, ಉಸಿರು ಕಟ್ಟಿದರೆ, ಹೆಲಿಕಾಪ್ಟರ್ ಕರೆಸುತ್ತೇವೆ. ಬಿ.ಪಿ. ನಿಧಾನವಾಗಿ ಏರುತ್ತಿದ್ದರೆ ಅದು ಯಾರಿಗೆ ಗೊತ್ತಾಗಬೇಕು? ಜವಾನ ಕೆಳಗಿಳಿದು, ರಜೆ ಮುಗಿಸಿ, ಪೀಸ್‌ಗೆ ವರ್ಗವಾಗಿ, ಅಲ್ಲಿ ವರ್ಷದ ಮೆಡಿಕಲ್‌ಗೆ ಸಾಲಿನಲ್ಲಿ ನಿಂತಾಗ ತೋಳಿಗೆ ಪಟ್ಟಿ ಸುತ್ತುತ್ತಾರೆ. 160/100 ಅಂತ ಬರುತ್ತದೆ. ದಾಖಲೆಯಲ್ಲಿ ಕಾಯಿಲೆ ಆರಂಭವಾದ ಊರಿನ ಹೆಸರು ಪೀಸ್ ಸ್ಟೇಷನ್ನಿನದ್ದಾಗುತ್ತದೆ. ಯಂತ್ರ ಎಲ್ಲಿತ್ತೋ ಕಾಯಿಲೆ ಅಲ್ಲಿ ಹುಟ್ಟಿತು ಅಂತ ಬರೆದ ಹಾಗಾಯಿತು. ನಿದ್ದೆಗೆಟ್ಟು ಸಂತ್ರಿ ಡ್ಯೂಟಿ ಮಾಡಿದ ವರ್ಷಗಳು, ಡಬ್ಬಿಯ ಉಪ್ಪುಪ್ಪು ಊಟ, ಊರಲ್ಲಿ ಜಮೀನಿನ ತಕರಾರು ನಡೆಯುತ್ತಿದ್ದರೂ ರಜೆ ಸಿಗದೆ ಕಳೆದ ತಿಂಗಳುಗಳು, ಇವಕ್ಕೆ ನಮೂನೆಯಲ್ಲಿ ಜಾಗವಿಲ್ಲ.

ತಮ್ಮದೇ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ 1983ರ ನಿಯಮಾವಳಿಯ 423ನೇ ನಿಯಮ ಹೇಳುವುದು ಬೇರೆಯೇ. ಕಾರಣ ಫೀಲ್ಡ್‌ನಲ್ಲಿ ಹುಟ್ಟಿತೋ ಸಾಮಾನ್ಯ ಪೀಸ್ ಪರಿಸ್ಥಿತಿಯಲ್ಲೋ ಎಂಬುದು ಇಲ್ಲಿ ಮುಖ್ಯವೇ ಅಲ್ಲ ಎಂದು ಅದರಲ್ಲಿ ಬರೆದಿದೆ. ಸಕ್ಕರೆ ಕಾಯಿಲೆಯ ಒಬ್ಬ ನಿವೃತ್ತ ಸುಬೇದಾರರ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಇದೇ ಧಾಟಿಯಲ್ಲಿ ತೀರ್ಪು ಕೊಟ್ಟಿತು. ಪೀಸ್‌ನಲ್ಲಿ ಬಂತು, ಜೀವನಶೈಲಿಯ ಕಾಯಿಲೆ ಎಂದು ಷರಾ ಬರೆದು ಮುಗಿಸುವಂತಿಲ್ಲ, ಹೊಣೆ ಬೋರ್ಡಿನದು ಎಂದಿತು. ಜೀವನಶೈಲಿ ಎನ್ನುವಾಗ ನನಗೆ ನಗು ಬರುತ್ತದೆ. ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಜಾಗ, ತಲೆಗೂದಲ ಉದ್ದ ಎಲ್ಲವನ್ನೂ ಆದೇಶದಿಂದ ನಿರ್ಧರಿಸುವ ನೌಕರಿಯಲ್ಲಿ ಹದಿನೇಳು ವರ್ಷ ದುಡಿದವನಿಗೆ ಸ್ವಂತದ್ದೊಂದು ಜೀವನಶೈಲಿ ಎಲ್ಲಿಂದ ಬರಬೇಕು?

ಹೃದ್ರೋಗದವರ ಪಾಡು ಇನ್ನೂ ವಿಚಿತ್ರ. ಮಿಲಿಟರಿ ಪಿಂಚಣಿಗಾಗಿ ವೈದ್ಯಾಧಿಕಾರಿಗಳಿಗೆ ಕೊಟ್ಟಿರುವ ಕೈಪಿಡಿಯ ಪ್ರಕಾರ, ಹೃದಯಾಘಾತವಾದರೆ ಅದಕ್ಕೆ ಹಿಂದಿನ 14 ದಿನ ಆತ ಏನೇನು ಕೆಲಸ ಮಾಡಿದ ಎಂಬ ಪಟ್ಟಿಯನ್ನು ಯೂನಿಟ್‌ನಿಂದ ತರಿಸುತ್ತಾರೆ. ಆ ಪಟ್ಟಿಯಲ್ಲಿ ವಿಪರೀತ ಶ್ರಮವೋ ಮಾನಸಿಕ ಆಘಾತವೋ ಕಾಣದಿದ್ದರೆ ಸಂಬಂಧವಿಲ್ಲ ಎಂದು ಬರೆಯಲು ದಾರಿಯಾಯಿತು. ಹೃದಯದ ರಕ್ತನಾಳದೊಳಗೆ ಕೊಬ್ಬು ಗಟ್ಟಿಯಾಗುವುದು ವರ್ಷಗಟ್ಟಲೆಯ ಕೆಲಸ ಎಂದು ನರ್ಸಿಂಗ್ ಅಸಿಸ್ಟೆಂಟ್‌ಗೂ ಲಖನೌದ ಟ್ರೈನಿಂಗ್‌ನಲ್ಲೇ ಹೇಳಿಕೊಡುತ್ತಾರೆ. ಅಟ್ಯಾಕ್ ಆಗುವ ಹೊತ್ತಿಗೆ ಆತ ಕೋತ್‌ನಲ್ಲಿ (ಆಯುಧದ ಕೋಣೆ) ಬಂದೂಕು ಎಣಿಸುತ್ತಿದ್ದರೆ ಹಿಂದಿನ ಇಪ್ಪತ್ತು ವರ್ಷದ ಸೇವೆ ಲೆಕ್ಕಕ್ಕಿಲ್ಲವೇ? ಆ ಪಟ್ಟಿ ಬರೆಯುವವರಾದರೂ ಯಾರು? ಯೂನಿಟ್‌ನ ಕ್ಲರ್ಕ್. ಆತ ಬರೆಯುವುದು 'ರೂಟೀನ್ ಡ್ಯೂಟೀಸ್'. ಅವನದೇನೂ ತಪ್ಪಿಲ್ಲ, ಕಾಗದದಲ್ಲಿ ಎಲ್ಲ ದಿನವೂ ರೂಟೀನ್ ದಿನವೇ.

ಇನ್ನೊಂದು ಕಾಯಿಲೆ ಕಿವಿಯದು. ನನ್ನ ಪಡಸಾಲೆಗೆ ಬರುವವರಲ್ಲಿ ಒಬ್ಬರು ತೋಪಖಾನೆಯಲ್ಲಿದ್ದವರು, ಕಾರ್ಗಿಲ್‌ನಲ್ಲಿ ಬೋಫೋರ್ಸ್ ಗನ್ನಿನ ಪಕ್ಕ ನಿಂತವರು. 1999ರ ಆ ಬೇಸಿಗೆಯಲ್ಲಿ ನಮ್ಮ ತೋಪಖಾನೆ ಹಾರಿಸಿದ ಶೆಲ್, ಬಾಂಬ್, ರಾಕೆಟ್‌ಗಳು ಸುಮಾರು 2.5 ಲಕ್ಷ. ಅವರಿಗೆ ಆಗ ಕಿವಿಯಲ್ಲಿ ಗುಂಯ್ ಎಂದಿತು, ಕೆಲವು ದಿನ ಹೋಯಿತು, ಮತ್ತೆ ಬಂತು. ಈಗ ಮೊಮ್ಮಗಳು ಮಾತಾಡಿದರೆ ಬಾಯಿ ನೋಡಿ ಊಹಿಸಿಕೊಳ್ಳುತ್ತಾರೆ. ನಿವೃತ್ತಿಯ ಕಾಗದದಲ್ಲಿ ಕಿವಿ ಸರಿ ಇದೆ ಎಂದಿದೆ. ಇರಲೇಬೇಕು. ಯಾಕೆಂದರೆ ವರ್ಷದ ಮೆಡಿಕಲ್‌ನಲ್ಲಿ ಕಿವಿ ಪರೀಕ್ಷೆ ಎಂದರೆ ಸುಮಾರು ಆರು ಮೀಟರ್ ದೂರದಲ್ಲಿ ನಿಂತು ಪಿಸುಮಾತಿನಲ್ಲಿ ಏನಾದರೂ ಹೇಳುವುದು. ತಿರುಗಿ ಹೇಳಿದರೆ ಪಾಸ್. ಗುಂಡಿನ ಸದ್ದು ಮೊದಲು ತಿನ್ನುವುದು 4,000 ಹರ್ಟ್ಸ್ ಆಸುಪಾಸಿನ ಕೇಳ್ಮೆಯನ್ನು. ಸದ್ದಿಲ್ಲದ ಕೋಣೆಯಲ್ಲಿ ಪಿಸುಮಾತು ಕೇಳುವವನಿಗೂ ಆ ಪೆಟ್ಟು ಬಿದ್ದಿರಬಹುದು. ಮುಂದೆ ವಯಸ್ಸಿನ ಕಿವುಡು ಇದರ ಮೇಲೆ ಕೂತಾಗ ಮನೆಯವರಿಗೆ ಗೊತ್ತಾಗುತ್ತದೆ. ಆಡಿಯೋಗ್ರಾಂ (ಯಂತ್ರದಿಂದ ತೆಗೆದ ಕೇಳ್ಮೆಯ ನಕ್ಷೆ) ತೆಗೆದರೆ 4,000ದ ಬಳಿ ಗೆರೆ ದಿಢೀರನೆ ಕುಸಿದು ಮತ್ತೆ ಮೇಲೇರುತ್ತದೆ. ಬರೀ ವಯಸ್ಸಿನದಾದರೆ ಇಳಿದ ಗೆರೆ ಸಾಮಾನ್ಯವಾಗಿ ಮೇಲೆ ಬರುವುದಿಲ್ಲ. ಆದರೆ ಎಪ್ಪತ್ತು ದಾಟಿದ ಮೇಲೆ ಎರಡೂ ಬೆರೆತು ಆ ಗುರುತೂ ಮಸುಕಾಗುತ್ತದೆ. ಗನ್ನರ್ ಹುಡುಗರಿಗೆ ಭರ್ತಿಯಲ್ಲೊಂದು, ನಿವೃತ್ತಿಯಲ್ಲೊಂದು ಆಡಿಯೋಗ್ರಾಂ ತೆಗೆದಿಟ್ಟರೆ ವಾದವೇ ಹುಟ್ಟುವುದಿಲ್ಲ. ಅದಕ್ಕೆ ಬೇಕಾದ ಯಂತ್ರ ತಮ್ಮ ಆಸ್ಪತ್ರೆಗಳಲ್ಲಿದೆ.

ಕಾಗದದಲ್ಲಿ ಯಾಕೆ ಇಲ್ಲ ಎಂಬುದಕ್ಕೆ ಇನ್ನೊಂದು ಕಾರಣ ಇದೆ. ಸೇವೆಯಲ್ಲಿದ್ದವರೆಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕಾಯಿಲೆ ಬರೆಸಿದರೆ ಲೋ ಮೆಡಿಕಲ್ ಕೆಟಗರಿ (ಎಲ್‌ಎಂಸಿ), ಅಂದರೆ ಪೂರ್ತಿ ಫಿಟ್ ಅಲ್ಲ ಎಂಬ ದರ್ಜೆ. ಎಲ್‌ಎಂಸಿ ಆದರೆ ಕೋರ್ಸ್ ತಪ್ಪಬಹುದು, ಬಡ್ತಿ ತಪ್ಪಬಹುದು, ಎಕ್ಸ್‌ಟೆನ್ಷನ್ ತಪ್ಪಬಹುದು. ಆದ್ದರಿಂದ ಮೊಣಕಾಲು ನೋವಿಗೆ ಎಂ.ಐ. ರೂಮಿನಲ್ಲಿ ರಿಜಿಸ್ಟರ್ ತಪ್ಪಿಸಿ "ಸಾಬ್, ಒಂದು ಗುಳಿಗೆ ಕೊಡಿ ಸಾಕು" ಅನ್ನುವವರೇ ಹೆಚ್ಚು. ತಲೆಯ ಒಳಗಿನ ನೋವಂತೂ ಯಾರೂ ಹೇಳಿಕೊಳ್ಳುವುದಿಲ್ಲ. ಜೊತೆಗಾರನ ಶವ ಹೊತ್ತು ಇಳಿದವನು ರಾತ್ರಿ ಎದ್ದು ಕೂರುತ್ತಿದ್ದರೆ, "ಗಟ್ಟಿಯಾಗಿರೋ" ಅನ್ನುವ ಮಾತಿನಲ್ಲೇ ಚಿಕಿತ್ಸೆ ಮುಗಿಯುತ್ತದೆ. ಕಾಯಿಲೆ ಮುಚ್ಚಿಡುವುದನ್ನೇ ಮರ್ದಾನಗಿ ಎಂದು ಕಲಿಸುವ ವ್ಯವಸ್ಥೆ, ಇಪ್ಪತ್ತು ವರ್ಷದ ಮೇಲೆ "ಆಗಲೇ ಯಾಕೆ ಬರೆಸಲಿಲ್ಲ?" ಎಂದು ಕೇಳುವುದು ನ್ಯಾಯವೇ, ತಾವೇ ಹೇಳಿ.

ನಿವೃತ್ತಿಯಾದ ಮೇಲೆ ಕಾಣಿಸಿಕೊಂಡ ಕಾಯಿಲೆಯವರದು ಎಲ್ಲಕ್ಕಿಂತ ದೊಡ್ಡ ಗೋಳು. ಸೇವೆಯ ಕಾಲದಲ್ಲಿ ಒಳಗೆ ಶುರುವಾಗಿ ತಡವಾಗಿ ಹೊರಬಿದ್ದ ಕಾಯಿಲೆಯನ್ನೂ ಪರಿಗಣಿಸಬಹುದು ಎಂದು ನಿಯಮಗಳಲ್ಲಿ ಅವಕಾಶವಿದೆ. ನಿಗದಿತ ವರ್ಷಗಳ ಒಳಗೆ ಬಂದಿರಬೇಕು, ವೈದ್ಯರು ಒಪ್ಪಬೇಕು. ಇತ್ತ 1982ರ ನಿಯಮಗಳ ಜಾಗಕ್ಕೆ ಬಂದ 2008ರ ಅರ್ಹತಾ ನಿಯಮಗಳು ಬಿಗಿಯಾದವು. ನಿವೃತ್ತಿಯಾಗಿ 15 ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ, ಅಷ್ಟರಲ್ಲಿ ಸೇವಾ ದಾಖಲೆಗಳನ್ನು ನಾಶ ಮಾಡಿದ್ದರೆ, ಪುರಾವೆಯ ಹೊಣೆ ಅರ್ಜಿದಾರನದೇ ಎಂದು ಅವು ಹೇಳುತ್ತವೆ. ದಾಖಲೆ ಇಟ್ಟುಕೊಂಡವರು ಸರ್ಕಾರ, ಅವಧಿ ಮುಗಿಯಿತೆಂದು ಸುಟ್ಟವರೂ ಸರ್ಕಾರ. ಇಲ್ಲದ ಕಾಗದವನ್ನು ತರಬೇಕಾದವನು ಹಳ್ಳಿಯ ಮುದುಕ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರೂ ಮರೆತಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದಲ್ಲಿ ಹಿಮದಡಿ ಸಿಕ್ಕಿ, ಜೀವಂತವಾಗಿ ಹೊರಬಂದು, ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಡಿಗೆ ನಾಡೇ ಅತ್ತಿತು. 1984ರ ಏಪ್ರಿಲ್‌ನಿಂದ ಆ ಹಿಮದ ಮೇಲೆ ಸರದಿಯಂತೆ ನಿಂತು ಕೆಳಗಿಳಿದು ಬಂದವರು ಎಷ್ಟು ಜನ! ಆ ಎತ್ತರದಲ್ಲಿ ಆಮ್ಲಜನಕ ಸಾಲದೆ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ, ರಕ್ತ ಮಂದವಾಗುತ್ತದೆ, ಕಾಲಿನ ರಕ್ತನಾಳದಲ್ಲೋ ಮೆದುಳಿನಲ್ಲೋ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ಶ್ವಾಸಕೋಶದ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ತಮ್ಮದೇ ಸೇನಾ ವೈದ್ಯರು ಇದನ್ನು ದಶಕಗಳಿಂದ ಅಧ್ಯಯನ ಮಾಡಿ ಬರೆದಿದ್ದಾರೆ. ಆ ವಿಜ್ಞಾನವೆಲ್ಲ ಪಿಂಚಣಿಯ ಕಡತದ ಬಾಗಿಲಿಗೆ ಬಂದಾಗ ಮಾತ್ರ ಒಳಗೆ ಬಿಡುವುದಿಲ್ಲ.

ಇನ್ನು ತಮ್ಮ ಕಡೆಯ ವಾದ ನನಗೆ ಗೊತ್ತಿಲ್ಲವೆಂದಲ್ಲ. ನಿವೃತ್ತರಾಗುವ ಅಧಿಕಾರಿಗಳಲ್ಲಿ ಶೇ 36ರಿಂದ 40, ಕೆಳಗಿನ ಶ್ರೇಣಿಗಳಲ್ಲಿ ಶೇ 15ರಿಂದ 18 ಮಂದಿ ಡಿಸೆಬಿಲಿಟಿ ಪಿಂಚಣಿ ಪಡೆಯುತ್ತಿದ್ದಾರೆ ಎಂದು ಸಿಎಜಿ 2023ರಲ್ಲಿ ಬೊಟ್ಟು ಮಾಡಿತು. ನಿವೃತ್ತಿಯ ಹೊಸ್ತಿಲಲ್ಲಿ ಥಟ್ಟನೆ ಬಿ.ಪಿ. ಏರಿಸಿಕೊಳ್ಳುವ ಸಾಹೇಬರನ್ನು ನಾವೂ ನೋಡಿದ್ದೇವೆ, ಬ್ಯಾರಕ್‌ನಲ್ಲಿ ನಕ್ಕಿದ್ದೇವೆ. ಅಂಥವರನ್ನು ಹಿಡಿಯಿರಿ. ಆದರೆ ಆ ಅಂಕಿಯನ್ನೇ ಇನ್ನೊಮ್ಮೆ ಓದಿ: ಗಡಿಯಲ್ಲಿ ಹೆಚ್ಚು ನಿಲ್ಲುವವನು ಜವಾನ, ಪಿಂಚಣಿ ಹೆಚ್ಚು ಸಿಕ್ಕಿದ್ದು ಅಧಿಕಾರಿಗೆ. ಕಾಗದದ ದಾರಿ ಗೊತ್ತಿದ್ದವನಿಗೆ ದಕ್ಕುತ್ತದೆ, ಗೊತ್ತಿಲ್ಲದವನಿಗೆ ಇಲ್ಲ ಎಂದೇ ನಾನು ಅದನ್ನು ಓದುತ್ತೇನೆ. ಅದೇ 2023ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಹತಾ ನಿಯಮಗಳು ಬಂದವು. ದುರುಪಯೋಗ ತಡೆಯುತ್ತೇವೆಂದು ಹಾಕಿದ ಬೇಲಿ ಜವಾನನ ಕಾಲಿಗೇ ಮೊದಲು ಚುಚ್ಚೀತೆಂಬ ಅಂಜಿಕೆ ನಮ್ಮದು.

ಅಮೆರಿಕದವರು ಇದನ್ನು ಬೇರೆ ರೀತಿ ಬಗೆಹರಿಸಿಕೊಂಡರು. ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ಎಂಬ ಗಿಡನಾಶಕಕ್ಕೆ ಒಡ್ಡಿಕೊಂಡವರಿಗಾಗಿ 1991ರಲ್ಲಿ, ಇರಾಕ್ ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗಾಗಿ 2022ರಲ್ಲಿ ಕಾನೂನು ಮಾಡಿದರು. ಇಂಥ ಜಾಗದಲ್ಲಿ ಇಂಥ ಕಾಲದಲ್ಲಿ ಇದ್ದೆ, ಪಟ್ಟಿಯಲ್ಲಿರುವ ಕಾಯಿಲೆ ಬಂದಿದೆ ಎಂದರೆ ಸಾಕು, ಸಂಬಂಧವನ್ನು ಸರ್ಕಾರವೇ ಒಪ್ಪಿಕೊಳ್ಳುತ್ತದೆ. ಅವರಲ್ಲೂ ಇದಕ್ಕಾಗಿ ಮಾಜಿ ಸೈನಿಕರು ವರ್ಷಗಟ್ಟಲೆ ಹೋರಾಡಿದರು, ಪುಕ್ಕಟೆ ಸಿಗಲಿಲ್ಲ. ಸಿಯಾಚಿನ್‌ನಲ್ಲಿ ನಿಂತವನ ರಕ್ತ ಹೆಪ್ಪುಗಟ್ಟುವ ಕಾಯಿಲೆಗೆ, ಗನ್ನರನ ಕಿವಿಗೆ ಇಂಥದ್ದೊಂದು ಪಟ್ಟಿ ಮಾಡಲು ನಮಗೆ ಏನು ಅಡ್ಡಿ?

ಗೆದ್ದವನನ್ನೂ ತಾವು ಸುಮ್ಮನೆ ಬಿಡುವುದಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಸೈನಿಕನ ಪರ ಆದೇಶ ಕೊಟ್ಟರೆ ಸಚಿವಾಲಯ ಮೇಲಿನ ಕೋರ್ಟಿಗೆ ಹೋಗುತ್ತದೆ. ಇಂಥ ಮೇಲ್ಮನವಿಗಳನ್ನು ಹಿಂತೆಗೆದುಕೊಳ್ಳಿ ಎಂದು 2015ರಲ್ಲಿ ತಮ್ಮ ಸಚಿವಾಲಯವೇ ನೇಮಿಸಿದ ತಜ್ಞರ ಸಮಿತಿ ಹೇಳಿತ್ತು. ಕರ್ನಾಟಕದಲ್ಲಿ ಆ ನ್ಯಾಯಮಂಡಳಿಯ ಖಾಯಂ ಪೀಠವೂ ಇಲ್ಲ. ಬೀದರ್‌ನವನಾಗಲಿ ಕೊಡಗಿನವನಾಗಲಿ ನೆರೆರಾಜ್ಯಕ್ಕೆ ವಕೀಲರನ್ನು ಹುಡುಕಿಕೊಂಡು ಹೋಗಬೇಕು. ಎರಡು ಫೀಲ್ಡ್ ಮಾರ್ಷಲ್‌ಗಳಲ್ಲಿ ಒಬ್ಬರನ್ನು, ಜನರಲ್ ತಿಮ್ಮಯ್ಯನವರಂಥ ಸೇನಾ ಮುಖ್ಯಸ್ಥರನ್ನು ಕೊಟ್ಟ ರಾಜ್ಯಕ್ಕೆ ಬೆಂಗಳೂರಿನಲ್ಲೊಂದು ಪೀಠ ಕೇಳಿದರೆ ದುಬಾರಿಯಾಯಿತೇ? ಸಂಸದರೇ, ಇದು ತಮ್ಮ ಕೆಲಸ. ಶೂನ್ಯವೇಳೆಯಲ್ಲಿ ಎರಡು ನಿಮಿಷ ಎದ್ದು ನಿಂತರೆ ಆಗುವಂಥದ್ದು.

ಅಗ್ನಿವೀರರ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದಲ್ಲಿ. ನಾಲ್ಕು ವರ್ಷಕ್ಕೆ ಅವರಲ್ಲಿ ಹೆಚ್ಚಿನವರು ಮನೆಗೆ ಬರುತ್ತಾರೆ. ಅವರಿಗೆ ಪಿಂಚಣಿಯೇ ಇಲ್ಲ. ಸೇವೆಯಿಂದಲೇ ವೈಕಲ್ಯ ಬಂತು ಎಂದಾದರೆ ಶೇ 100, 75, 50ರ ಲೆಕ್ಕಕ್ಕೆ ಒಂದು ಸಲದ 44, 25, 15 ಲಕ್ಷ ರೂಪಾಯಿ. ಅಲ್ಲಿಯೂ ಬೀಗದ ಕೈ ಅದೇ ಎರಡು ಕಾಲಂ. ನಾಲ್ಕೇ ವರ್ಷ ಇದ್ದವನ ಕಿವಿಯೋ ಬೆನ್ನುಮೂಳೆಯೋ ಮೂವತ್ತೈದರಲ್ಲಿ ಕೈಕೊಟ್ಟರೆ ಆಗ ಏನೆನ್ನುತ್ತೀರಿ?

ನಾನು ಬೇಡುವುದು ಖಜಾನೆ ಬರಿದಾಗುವಂಥದ್ದೇನಲ್ಲ. ಸೇವೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬನ ಕೈಗೂ ಅವನ ಪೂರ್ತಿ ವೈದ್ಯಕೀಯ ದಾಖಲೆ, ಜೊತೆಗೆ ಎಲ್ಲೆಲ್ಲಿ ಎಷ್ಟೆಷ್ಟು ಕಾಲ ಯಾವ ಎತ್ತರದಲ್ಲಿ ಯಾವ ಆಯುಧದ ಪಕ್ಕ ಇದ್ದ ಎಂಬ ಹಾಳೆ ಕೊಟ್ಟು ಕಳಿಸಿ. ಪಿಂಚಣಿಯನ್ನೆಲ್ಲ ಸ್ಪರ್ಶ್ ಪೋರ್ಟಲ್‌ಗೆ ಏರಿಸಿದವರಿಗೆ ಇದೇನು ಭಾರವಲ್ಲ. 'ಇಲ್ಲ' ಎಂದು ಬರೆಯುವ ಬೋರ್ಡ್, ಆ ಮನುಷ್ಯನ ಬಗ್ಗೆಯೇ ನಾಲ್ಕು ಸಾಲು ಕಾರಣ ಬರೆಯಲಿ; ಅಚ್ಚು ಹಾಕಿದ ಸಾಲು ಬಂದರೆ ಕಡತ ಅಲ್ಲೇ ವಾಪಸಾಗಲಿ. ದಾಖಲೆ ಸರ್ಕಾರದ ಕೈಯಲ್ಲೇ ನಾಶವಾಗಿದ್ದರೆ ಆ 15 ವರ್ಷದ ಷರತ್ತನ್ನು ಕೈಬಿಡಿ.

ಇದನ್ನು ಓದುವ ಮಾಜಿ ಸೈನಿಕ ಬಂಧುಗಳಿಗೂ ಒಂದು ಮಾತು. ಎಎಫ್‌ಎಂಎಸ್‌ಎಫ್-16ರ ಪ್ರತಿ ನಿಮ್ಮಲ್ಲಿಲ್ಲದಿದ್ದರೆ ನಿಮ್ಮ ರೆಕಾರ್ಡ್ ಆಫೀಸಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಈಗಲೇ ತರಿಸಿಕೊಳ್ಳಿ. ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನ ಚೀಟಿಗಳನ್ನು ಬಿಸಾಡಬೇಡಿ. ಜೊತೆಗಿದ್ದ ಗೆಳೆಯರಿಂದ ಎಲ್ಲಿ, ಯಾವಾಗ, ಏನಾಯಿತು ಎಂದು ಬರೆಸಿ ಸಹಿ ಮಾಡಿಸಿಟ್ಟುಕೊಳ್ಳಿ. ಮೊದಲ ಮೇಲ್ಮನವಿ ತಿರಸ್ಕಾರವಾಯಿತೆಂದು ಕೈಚೆಲ್ಲಬೇಡಿ. ತಡವಾಯಿತೆಂದೂ ಅಂದುಕೊಳ್ಳಬೇಡಿ: ತಿಂಗಳು ತಿಂಗಳೂ ತಪ್ಪುವ ಪಿಂಚಣಿ ಮುಂದುವರಿಯುತ್ತಲೇ ಇರುವ ಅನ್ಯಾಯ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ ಸಿಗುತ್ತದೆ, ಹಾಗಾಗಿ ಮುಂದೂಡಿದಷ್ಟೂ ನಷ್ಟ ನಿಮ್ಮದೇ.

ಸಚಿವರೇ, ಈ ಪತ್ರಕ್ಕೆ ಉತ್ತರ ಬರೆಯಲು ತಮಗೆ ಪುರಸೊತ್ತಿಲ್ಲದಿದ್ದರೂ ನಡೆಯುತ್ತದೆ. ಕಳೆದ ಒಂದು ವರ್ಷದಲ್ಲಿ 'ಇಲ್ಲ' ಬಿದ್ದ ನಮೂನೆಗಳಲ್ಲಿ ನೂರನ್ನು ತರಿಸಿ, 'ಕಾರಣ'ದ ಕಾಲಂ ಒಂದನ್ನೇ ಓದಿಸಿ ಕೇಳಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಹವಾಲ್ದಾರ್, ಆರ್ಮಿ ಮೆಡಿಕಲ್ ಕೋರ್
ಬೆಳಗಾವಿ ಜಿಲ್ಲೆ